ಸರಾಗವಾಗಿದ್ದರೆ ಹೆಂಡತಿಯದು, ತಡವರಿಸಿದ್ದರೆ ಗಂಡನದು

ಸಹಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವವರು ಮೊದಲು ನೋಡುವುದು ಗೆರೆಯ ಓಟವನ್ನು. ಸಾವಿರಾರು ಸಲ ಹಾಕಿದ ಸಹಿ ಕೈಗೆ ರೂಢಿಯಾಗಿರುತ್ತದೆ. ಕಣ್ಣು ನೋಡಿ, ಮಿದುಳು ತಪ್ಪು ತಿದ್ದಬೇಕೆಂದರೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಬೇಕು. ಅಷ್ಟರಲ್ಲಿ ಪೆನ್ನು ಮುಂದಿನ ಗೆರೆಗೆ ಹೋಗಿ ಆಗಿರುತ್ತದೆ. ಹಾಗಾಗಿ ಮಿದುಳು ಪ್ರತಿ ಎಳೆತವನ್ನೂ ಮೊದಲೇ ಲೆಕ್ಕ ಹಾಕಿ ಕೈಗೆ ಕೊಟ್ಟುಬಿಡುತ್ತದೆ. ಪೆನ್ನು ಓಡುತ್ತಿರುವಾಗಲೇ ಕಾಗದ ಬಿಟ್ಟು ಏಳುವುದರಿಂದ ಗೆರೆಯ ತುದಿ ಬಾಲದ ಹಾಗೆ ಸಣ್ಣಗಾಗುತ್ತದೆ. ನಕಲು ಮಾಡುವವರು ನೋಡಿ ನೋಡಿ ಎಳೆಯುತ್ತಾರೆ. ಅಲ್ಲಲ್ಲಿ ನಿಲ್ಲುತ್ತಾರೆ. ನಿಂತ ಕಡೆ ಶಾಯಿ ದಪ್ಪಗಾಗುತ್ತದೆ, ಗೆರೆ ನಡುಗುತ್ತದೆ, ತುದಿ ಮೊಂಡಾಗುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟಗಾರ ಜೋ ಜಾಕ್ಸನ್ ಅವರ ವಿಷಯದಲ್ಲಿ ಇದೆಲ್ಲ ತಲೆಕೆಳಗು.

'ಶೂಲೆಸ್ ಜೋ' ಎಂದೇ ಹೆಸರಾದ ಜಾಕ್ಸನ್ ತೀರಾ ಚಿಕ್ಕವರಿದ್ದಾಗಲೇ ಸೌತ್ ಕ್ಯಾರೊಲೈನಾದ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋದವರು. ಓದು ಬರಹ ಕಲಿಯಲು ಆಗಲೇ ಇಲ್ಲ. 1908ರಲ್ಲಿ ಕೇಟಿ ಅವರನ್ನು ಮದುವೆಯಾದರು. ಅಭಿಮಾನಿಗಳು ಸಹಿ ಕೇಳಿದರೆ ಗಂಡನ ಹೆಸರನ್ನು ಹೆಚ್ಚಾಗಿ ಬರೆದುಕೊಡುತ್ತಿದ್ದುದು ಕೇಟಿಯೇ. ಜೋ ತಾವೇ ಸಹಿ ಹಾಕಲೇಬೇಕಾದಾಗ, ಹೆಂಡತಿ ಬರೆದುಕೊಟ್ಟ ಮಾದರಿಯನ್ನು ನೋಡಿಕೊಂಡು ಬಿಡಿಸುತ್ತಿದ್ದರು. ಅಂದರೆ ನೀರು ಹರಿದ ಹಾಗೆ ಇರುವ 'ಜೋ ಜಾಕ್ಸನ್' ಸಹಿ ಕೇಟಿಯದು. ತಡವರಿಸಿದ, ಮೊಂಡು ತುದಿಯ, ನೋಡಿದ ಕೂಡಲೇ ನಕಲಿ ಅನ್ನಿಸುವ ಸಹಿಯೇ ಜೋ ಅವರದ್ದಾಗಿರಬಹುದು!

ಹೆಬ್ಬೆಟ್ಟು ಒತ್ತಲು ಒಲ್ಲದೆ ತಮ್ಮ ಹೆಸರನ್ನಷ್ಟೇ ಕಲಿತ ಅಜ್ಜಿಯರನ್ನು ನಾವೂ ಬ್ಯಾಂಕಿನಲ್ಲಿ ನೋಡಿದ್ದೇವೆ, ಅಲ್ವಾ? ಬೆಳಿಗ್ಗೆ ಅಂಗಳದಲ್ಲಿ ಸರಸರ ರಂಗೋಲಿ ಎಳೆದ ಅದೇ ಕೈ, ಸಹಿ ಹಾಕುವಾಗ ಅಕ್ಷರಕ್ಕೊಮ್ಮೆ ನಿಲ್ಲುತ್ತದೆ. ಕೈಯಲ್ಲಿ ಶಕ್ತಿ ಇಲ್ಲ ಅಂತಲ್ಲ, ಚಳಕ ಇಲ್ಲ ಅಂತಲೂ ಅಲ್ಲ. ರಂಗೋಲಿಯ ಎಳೆ ಕೈಗೆ ಗೊತ್ತು, ಅಕ್ಷರದ ಎಳೆ ಗೊತ್ತಿಲ್ಲ. ಅಷ್ಟೇ.

ಹಾಗಾದರೆ ಜೋ ಕೈಯ ನಡುಕವನ್ನೂ ಮೋಸಗಾರನ ನಡುಕವನ್ನೂ ಬೇರೆ ಮಾಡುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದು. ಬರವಣಿಗೆ ರೂಢಿಯಿಲ್ಲದವರು ನಡುಗಿದರೂ ಒರಟಾಗಿ, ಒತ್ತಿ ಬರೆಯುತ್ತಾರೆ. ಗೆರೆ ಸೊಟ್ಟಗಾದರೆ ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಮೋಸಗಾರನಿಗೆ ಸೊಟ್ಟ ಗೆರೆ ಬಿಡಲು ಮನಸ್ಸು ಬರುವುದಿಲ್ಲ. ವಾಪಸ್ ಬಂದು ಸಣ್ಣಗೆ ತೀಡಿ ಸರಿಪಡಿಸುತ್ತಾನೆ. ಭೂತಗನ್ನಡಿ ಹಿಡಿದರೆ ಆ ತಿದ್ದುಪಡಿ ಕಾಣುತ್ತದೆ.

ಬೇರೆ ಮೋಸಗಳನ್ನು ಹಿಡಿಯಲು ವಸ್ತುವೇ ಸಾಕ್ಷಿ ಹೇಳುತ್ತದೆ. ಇನ್ನೊಬ್ಬ ದೊಡ್ಡ ಆಟಗಾರ ಲೂ ಗೆರಿಗ್ ತೀರಿಕೊಂಡಿದ್ದು 1941ರಲ್ಲಿ. ಬಾಲ್‌ಪಾಯಿಂಟ್ ಪೆನ್ನು ಅಮೆರಿಕದ ಅಂಗಡಿಗೆ ಬಂದಿದ್ದು 1945ರಲ್ಲಿ. ಬಾಲ್‌ಪಾಯಿಂಟಿನಲ್ಲಿ ಗೆರಿಗ್ ಸಹಿ ಕಂಡರೆ ಮುಂದೆ ನೋಡುವುದೇ ಬೇಡ. ಅಭಿಮಾನಿಗಳು ಸಹಿ ಹಾಕಿಸಿಕೊಳ್ಳುತ್ತಿದ್ದ ಚೆಂಡಿನ ಮೇಲೆ ಆಗ ಲೀಗ್ ಅಧ್ಯಕ್ಷರ ಹೆಸರೂ ಅಚ್ಚಾಗಿರುತ್ತಿತ್ತು. ವಿಲ್ ಹ್ಯಾರಿಜ್ ಅವರ ಹೆಸರಿದ್ದರೆ ಚೆಂಡು 1931ರಿಂದ 1959ರ ನಡುವಿನದು. ಆದರೆ ಮನೆಯವರು ಹಾಕಿದ ಸಹಿಗೆ ಈ ಪರೀಕ್ಷೆಗಳು ಉಪಯೋಗಕ್ಕೆ ಬರುವುದಿಲ್ಲ. ಕಾಲ ಅದೇ, ಮನೆ ಅದೇ, ಶಾಯಿ ಅದೇ. ಅಂಚೆಯಲ್ಲಿ ಬಂದ ಸಹಿಯಾದರೆ ಅಂಚೆ ಮುದ್ರೆಯೂ ಅಸಲಿ. ಬೇರೆಯಾಗಿರುವುದು ಕೈ ಮಾತ್ರ.

ಆದ್ದರಿಂದ ಹೋಲಿಸಿ ನೋಡಲು ಜೋ ಸ್ವತಃ ಹಾಕಿದ್ದು ಎಂದು ಖಚಿತವಾಗಿರುವ ಸಹಿ ಬೇಕು. ಅಂಥದ್ದು ಸಿಗುವುದು ಕಾನೂನಿನ ಕಾಗದಗಳಲ್ಲಿ. ಜೋ 1951ರಲ್ಲಿ, ಕೇಟಿ 1959ರಲ್ಲಿ ತೀರಿಕೊಂಡರು. ಕೇಟಿಯ ಆಸ್ತಿಯಲ್ಲಿ ಪಾಲು ಪಡೆದ ಎರಡು ಸಂಸ್ಥೆಗಳು, ಹೃದ್ರೋಗ ಮತ್ತು ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವಂಥವು, ಜೋ ಸಹಿ ಇರುವ ಮೂಲ ಉಯಿಲು ತಮಗೇ ಸೇರಬೇಕೆಂದು ಕೋರ್ಟಿಗೆ ಹೋದವು. ಆ ಒಂದು ಸಹಿಗೆ ಅಷ್ಟು ಬೆಲೆ. ಉಯಿಲು ಸಾರ್ವಜನಿಕ ದಾಖಲೆ, ಕೊಡಲಾಗದು ಎಂದು 1997ರಲ್ಲಿ ಸೌತ್ ಕ್ಯಾರೊಲೈನಾದ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು. ಅದು ಯಾರದೋ ತಿಜೋರಿ ಸೇರಿದ್ದರೆ ಹೋಲಿಕೆಗೆ ಇದ್ದ ಒಂದು ಒಳ್ಳೆಯ ಆಧಾರ ಕೈತಪ್ಪುತ್ತಿತ್ತು. 2021ರಲ್ಲಿ, ಜೋ ಸಹಿ ಇರುವ 1911ರ ಫೋಟೋ ಒಂದು ಹರಾಜಿನಲ್ಲಿ 14 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು.

ಕೇಟಿ ಬರೆದ ಚೆಂಡುಗಳನ್ನು 'ಸೆಕ್ರೆಟೇರಿಯಲ್' ಸಹಿ, ಅಂದರೆ ಪರವಾಗಿ ಬೇರೆಯವರು ಹಾಕಿದ್ದು, ಎಂದು ಪಕ್ಕಕ್ಕಿಡುತ್ತಾರೆ. ನನಗೆ ಅದು ಬೇಸರ ತರಿಸುತ್ತದೆ. ಜೋ ನೋಡಿಕೊಂಡು ಬಿಡಿಸಿದ್ದು ಕೇಟಿಯ ಅಕ್ಷರವನ್ನೇ ತಾನೆ? ಕೇಟಿಯ ಕೈಬರಹ ಗೊತ್ತಿಲ್ಲದೆ ಜೋ ಸಹಿಯನ್ನು ಗುರುತಿಸಲು ಆಗುವುದಿಲ್ಲ.

ಗೆರಿಗ್ ಕಥೆ ಇನ್ನೂ ಸೂಕ್ಷ್ಮ. 1939ರಲ್ಲಿ ಅವರಿಗೆ ನರಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆ ಇರುವುದು ಗೊತ್ತಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಪೆರೋಲ್ ಆಯುಕ್ತರಾಗಿ ಕೆಲಸಕ್ಕೆ ಸೇರಿದರು. ಬೆರಳಿನ ಬಲ ಹೋಗುತ್ತಾ ಬಂದಾಗ, ಕಚೇರಿ ಕಾಗದಗಳಿಗೆ ಸಹಿ ಹಾಕಲು ಹೆಂಡತಿ ಎಲೆನರ್ ಗಂಡನ ಕೈ ಹಿಡಿದು ನಡೆಸುತ್ತಿದ್ದರು. ಹೀಗೆ ಕೈ ಹಿಡಿಸಿ ಬರೆಸಿದ ಗೆರೆಯಲ್ಲಿ ಗುಂಡಗಿರಬೇಕಾದ ತಿರುವು ಚೂಪಾಗುತ್ತದೆ. ಹಿಡಿದ ಕೈ ಒಂದು ಕಡೆಗೆ, ಒಳಗಿನ ಕೈ ಇನ್ನೊಂದು ಕಡೆಗೆ ಎಳೆದಿರುತ್ತದೆ. ಆ ಚೂಪು ಮೂಲೆ ಲೂ ಅವರದೂ ಹೌದು, ಎಲೆನರ್ ಅವರದೂ ಹೌದು.