ಒಂದು ಕಲ್ಲು ನೋಡಿ, ಮನೆಗೆ ಹೋಗಿ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮ್ಯೂಸಿಯಂ ಬಾಗಿಲಲ್ಲಿ ನಿಂತರೆ ಒಂದು ಮೆರವಣಿಗೆ ತಪ್ಪದೆ ಕಾಣುತ್ತದೆ. ಟಿಕೆಟ್ ಹಿಡಿದ ಅಪ್ಪ ಮುಂದೆ, ನೀರಿನ ಬಾಟಲಿ ಹಿಡಿದ ಅಮ್ಮ ಹಿಂದೆ, ನಡುವೆ ಇಬ್ಬರು ಮಕ್ಕಳು. "ದುಡ್ಡು ಕೊಟ್ಟಿದ್ದೀವಿ, ಎಲ್ಲಾ ನೋಡ್ಕೊಂಡೇ ಹೋಗೋಣ" ಎನ್ನುತ್ತಾರೆ ಅಪ್ಪ. ಒಂದೂವರೆ ಗಂಟೆ ಬಿಟ್ಟು ಅದೇ ಬಾಗಿಲಲ್ಲಿ ನೋಡಿ. ಚಿಕ್ಕದು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ದೊಡ್ಡದು ಐಸ್‌ಕ್ರೀಮಿಗೆ ಹಟ ಹಿಡಿದಿರುತ್ತದೆ. ಏನು ನೋಡಿದೆ ಪುಟ್ಟ ಅಂತ ಕೇಳಿದರೆ ಒಂದೇ ಉತ್ತರ: "ಕಲ್ಲು."

ಮ್ಯೂಸಿಯಂಗಳಲ್ಲಿ ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳುವುದು ನನ್ನ ಕೆಲಸ. ವಾರದ ದಿನ ಶಾಲೆಯವರು, ರಜೆಯಲ್ಲಿ ಮನೆಮಂದಿ. ಉಚಿತ ಪ್ರವೇಶ ಎಲ್ಲಿದೆ, ಯಾವ ದಿನ ಇದೆ ಅಂತ ಫೋನ್ ಮಾಡುವವರು ಬಹಳ. ದುಡ್ಡು ಉಳಿಯುತ್ತದೆ, ಸರಿಯೇ. ಅದಕ್ಕಿಂತ ಜಾಸ್ತಿ ನನಗೆ ಇಷ್ಟವಾಗುವುದು ಬೇರೆ. ಟಿಕೆಟ್ ಇಲ್ಲದ ಕಡೆ ಇಪ್ಪತ್ತೇ ನಿಮಿಷಕ್ಕೆ ಎದ್ದು ಬಂದರೂ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಮುಂದಿನ ತಿಂಗಳು ಮತ್ತೆ ಹೋದರಾಯಿತು. ಮಕ್ಕಳು ಮ್ಯೂಸಿಯಂ ನೋಡಬೇಕಾದದ್ದೇ ಹಾಗೆ, ಸ್ವಲ್ಪ ಸ್ವಲ್ಪ.

ಸ್ವಲ್ಪ ಅಂದರೆ ಎಷ್ಟು? ಒಂದು ಕಲ್ಲು ಸಾಕು.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸಂಗ್ರಹದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು. ಕಲ್ಲಿನ ಕಾಲ ಕ್ರಿ.ಶ. 949-50. ಕನ್ನಡದಲ್ಲಿ ಕೊರೆದ ಶಾಸನ. ಮೇಲ್ಗಡೆ ಒಂದು ನಾಯಿ, ಒಂದು ಹಂದಿ ಕಾದಾಡುತ್ತಿವೆ. ನಾನು ಮಕ್ಕಳನ್ನು ಅದರ ಮುಂದೆ ನೆಲದ ಮೇಲೆ ಕೂರಿಸುತ್ತೇನೆ. ಮೊದಲ ಎರಡು ನಿಮಿಷ ನಾನು ಬಾಯಿ ಬಿಡುವುದಿಲ್ಲ. ಯಾವುದು ನಾಯಿ, ಯಾವುದು ಹಂದಿ ಅಂತ ಅವರೇ ಜಗಳ ಶುರು ಮಾಡುತ್ತಾರೆ. ಯಾರು ಗೆದ್ದರು ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಕಥೆ ಹೇಳಬೇಕು, ಅದಕ್ಕೆ ಮುಂಚೆ ಅಲ್ಲ.

ಕಥೆ ಇಷ್ಟು. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಗಂಗರ ದೊರೆ ಬೂತುಗ ಕೃಷ್ಣನ ಕಡೆ. ಬೂತುಗನ ಜೊತೆಗಿದ್ದ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಎಂದ. ಇಲ್ಲಿ ನಾನು ನಿಲ್ಲಿಸಿ, ನೀವಾಗಿದ್ದರೆ ಏನು ಕೇಳುತ್ತಿದ್ದಿರಿ ಎನ್ನುತ್ತೇನೆ. ಚಿನ್ನ, ಕುದುರೆ, ಊರು, ಈಚೆಗೆ ಬೈಕು. ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಕೊಟ್ಟ. ಮುಂದೊಂದು ದಿನ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಅದಕ್ಕೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟರು. ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತ ಬರೆದಿಟ್ಟರು. ಮಕ್ಕಳು ಇದನ್ನು ಮರೆಯುವುದಿಲ್ಲ. ಚೋಳ, ರಾಷ್ಟ್ರಕೂಟ, ತಕ್ಕೋಲ ಎಲ್ಲ ಆ ನಾಯಿಯ ಬಾಲ ಹಿಡಿದುಕೊಂಡು ಬರುತ್ತವೆ. ಪಾಠದ ಪುಸ್ತಕದಲ್ಲಿ ಉಲ್ಟಾ, ಅಲ್ವಾ?

ಈ ಮ್ಯೂಸಿಯಂ ಪೂರ್ತಿ ಉಚಿತವಲ್ಲ, ಆದರೆ ಜೇಬಿಗೆ ಭಾರವೂ ಅಲ್ಲ. ಹಳೇ ಕಟ್ಟಡ, 1870ರ ದಶಕದ್ದು. ರಿಪೇರಿಗೆ ಮುಚ್ಚುವುದುಂಟು. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಇನ್ನೊಂದು ಮಾತು. ಪಕ್ಕದಲ್ಲೇ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂ ಇದೆ. ಹೇಗೂ ಬಂದಿದ್ದೀವಿ ಅಂತ ಎರಡನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ಅಲ್ಲಿ ಬಟನ್ ಒತ್ತಿ ಬಂದ ಮಗು ಇಲ್ಲಿ ಶಾಸನದ ಮುಂದೆ ಕೂರುವುದಿಲ್ಲ.

ಹಾಗಾದರೆ ಪೂರ್ತಿ ಉಚಿತ ಎಲ್ಲಿ? ಜನಕ್ಕೆ ಗೊತ್ತಿಲ್ಲದ ಒಂದು ನಿಯಮ ಇದೆ. ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕ ಮತ್ತು ಮ್ಯೂಸಿಯಂಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹಳೇಬೀಡು, ಐಹೊಳೆ, ಬಾದಾಮಿ, ಹಂಪಿಗೆ ಅಂಟಿದ ಕಮಲಾಪುರ, ವಿಜಯಪುರದ ಗೋಳಗುಮ್ಮಟದ ಅಂಗಳ, ಎಲ್ಲ ಕಡೆ ಈ ಇಲಾಖೆಯ ಮ್ಯೂಸಿಯಂ ಇದೆ. ದೇವಸ್ಥಾನ ನೋಡಿ, ಫೋಟೋ ತೆಗೆಸಿಕೊಂಡು, ಮ್ಯೂಸಿಯಂ ಕಡೆ ತಿರುಗದೆ ಬಸ್ ಹತ್ತುವವರೇ ಜಾಸ್ತಿ. ನನ್ನನ್ನು ಕೇಳಿದರೆ ಮಕ್ಕಳಿಗೆ ಮ್ಯೂಸಿಯಮ್ಮೇ ಮೇಲು. ಗುಡಿಯ ಗೋಡೆಯ ಮೇಲೆ ಎತ್ತರದಲ್ಲಿರುವ ಶಿಲ್ಪ ಇಲ್ಲಿ ಅವರ ಕಣ್ಣಿನ ಮಟ್ಟಕ್ಕೆ ಇಳಿದಿರುತ್ತದೆ. ಒಂದು ಎಚ್ಚರ: ಇವು ಶುಕ್ರವಾರ ಮುಚ್ಚಿರುತ್ತವೆ. ಬೇರೆ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಈ ಎರಡು ರಜೆಯ ದಿನ ಗೊತ್ತಿಲ್ಲದೆ ಬೀಗ ನೋಡಿ ವಾಪಸ್ ಬಂದವರು ನನಗೆ ಎಷ್ಟೋ ಜನ ಗೊತ್ತು. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ, ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಆ ಹೊತ್ತಿಗೆ ದೊಡ್ಡವರಿಗೂ ಉಚಿತ ಪ್ರವೇಶ, ಮಕ್ಕಳಿಗೆ ಚಿತ್ರ ಬಿಡಿಸುವ ಕಾರ್ಯಕ್ರಮ ಇಡುವುದುಂಟು. ನೂಕುನುಗ್ಗಲು ಇರುತ್ತದೆ, ಚಿಕ್ಕ ಮಕ್ಕಳಿದ್ದರೆ ನಾನಂತೂ ಆ ದಿನ ಬೇಡ ಅನ್ನುತ್ತೇನೆ.

ಬೆಂಗಳೂರಿನ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿಗೆ ಎಲ್ಲರಿಗೂ ಉಚಿತ. ಅಲ್ಲಿ ಪ್ರದರ್ಶನದ ಪಕ್ಕದಲ್ಲೇ ಹುಡುಗ ಹುಡುಗಿಯರು ನಿಂತಿರುತ್ತಾರೆ, ಮಾತಾಡಿಸುವುದಕ್ಕೇ ಇರುವವರು. ಹೈಸ್ಕೂಲು, ಕಾಲೇಜಿನ ಮಕ್ಕಳಿಗೆ ಸರಿಯಾದ ಜಾಗ, ನಾಲ್ಕು ವರ್ಷದ ಪುಟಾಣಿಗಳಿಗಲ್ಲ. ಮೈಸೂರಿನಲ್ಲಿ ಕಾರಂಜಿ ಕೆರೆ ಪಕ್ಕ 1995ರಲ್ಲಿ ಶುರುವಾದ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಇದೆ. ಕೆರೆಗೆ ಟಿಕೆಟ್, ಮ್ಯೂಸಿಯಂಗೆ ಇಲ್ಲ. ಜನ ಕೆರೆಗೆ ಸಾಲು ನಿಲ್ಲುತ್ತಾರೆ! ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಅಮ್ಮ, ಮಗಳು, ಅಜ್ಜಿ ಹೊರಟರೆ ಖರ್ಚು ದೋಸೆಗೆ ಮಾತ್ರ.

ಅಜ್ಜಿ ಅಂದೆ. ಸಾಧ್ಯವಾದರೆ ಅವರನ್ನು ಬಿಟ್ಟು ಹೋಗಬೇಡಿ. ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿರುವ ಮಾನವ ಸಂಗ್ರಹಾಲಯವಿರಲಿ, ಮಾನಸಗಂಗೋತ್ರಿಯ ಜಾನಪದ ಮ್ಯೂಸಿಯಂ ಇರಲಿ, ಇಂಥ ಕಡೆ ನಾವು ವಿವರಿಸುವವರೆಲ್ಲ ಬಾಯಿ ಮುಚ್ಚಿಕೊಂಡಿರುವುದೇ ವಾಸಿ. ಸೇರು, ಪಾವು, ಮೊರ, ಒನಕೆ, ಬೀಸುಕಲ್ಲು ಕಂಡ ಕೂಡಲೇ ಅಜ್ಜಿ ಶುರು ಮಾಡುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಬೀಸುಕಲ್ಲಿನ ಮುಂದೆ ನಿಂತು, "ಇದರ ಗೂಟ ಉಲ್ಟಾ ಇಟ್ಟವ್ರೆ" ಅಂದರು. ನಾವು ಅದೆಷ್ಟೋ ತಿಂಗಳಿಂದ ಅದನ್ನು ಹಾಗೇ ತೋರಿಸುತ್ತಿದ್ದೆವು. ಮೊಮ್ಮಗ ಆವತ್ತು ಅಜ್ಜಿಯನ್ನು ನೋಡಿದ ರೀತಿಯೇ ಬೇರೆ.

ಊರು ಬಿಟ್ಟು ದೂರ ಇರುವ ಕನ್ನಡದವರಿಗೂ ಒಂದು ಮಾತು. ಬ್ರಿಟನ್ನಿನ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳು 2001ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. ಮರದ ಹುಲಿ, ಕೆಳಗೆ ಮರದ ಬಿಳಿ ಸೈನಿಕ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುವ, ಅವನು ನರಳುವ ಯಂತ್ರ ಒಳಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಹೋದದ್ದು. ಅದನ್ನು ನೋಡಿದ ಮಗು ರಜೆಗೆ ಊರಿಗೆ ಬಂದಾಗ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ. ಗೋಡೆ ತುಂಬ, ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ನಮ್ಮ ವಸ್ತು ಅವರ ಹತ್ತಿರ ಯಾಕಿದೆ ಅಂತ ಮಗು ಕೇಳುತ್ತದೆ. ಕೇಳಲಿ. ಉತ್ತರ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಅಮೆರಿಕದಲ್ಲಿ ಇರುವವರು ಮೊದಲು ಹತ್ತಿರದ ಪಬ್ಲಿಕ್ ಲೈಬ್ರರಿಯಲ್ಲಿ ವಿಚಾರಿಸಿ. ಪುಸ್ತಕದ ಹಾಗೆ ಮ್ಯೂಸಿಯಂ ಪಾಸನ್ನೂ ಎರವಲು ಕೊಡುವ ಲೈಬ್ರರಿಗಳು ಅಲ್ಲಿ ಬಹಳ.

ಇನ್ನು ಚಟುವಟಿಕೆ ಹಾಳೆಗಳು, ಆನ್‌ಲೈನ್ ಸಾಮಗ್ರಿ. ಇದರಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ 24 ಪ್ರಶ್ನೆಗಳ ಹಾಳೆ ಮಾಡಿದ್ದೆ. ಬಹಳ ಹೆಮ್ಮೆ ಇತ್ತು. ಒಂದು ಶಾಲೆಯ ಮಕ್ಕಳು ಅದನ್ನು ಹದಿನೈದೇ ನಿಮಿಷದಲ್ಲಿ ತುಂಬಿಸಿ ಕೊಟ್ಟರು. ಎಲ್ಲ ಸರಿ ಉತ್ತರ. ಆಮೇಲೆ ಗೊತ್ತಾಯಿತು, ಯಾರೂ ವಸ್ತುವನ್ನು ನೋಡಿಯೇ ಇರಲಿಲ್ಲ, ಪಕ್ಕದ ಫಲಕ ನೋಡಿ ಬರೆದಿದ್ದರು. ಈಗ ನನ್ನ ಹಾಳೆಯಲ್ಲಿ ಪ್ರಶ್ನೆಯೇ ಇಲ್ಲ. ಮೇಲೆ ಖಾಲಿ ಚೌಕ, ಕೆಳಗೆ ಎರಡು ಗೆರೆ. ಇಷ್ಟವಾದ ಒಂದು ವಸ್ತುವನ್ನು ಚೌಕದಲ್ಲಿ ಬಿಡಿಸಬೇಕು, ಅದನ್ನು ಏನು ಕೇಳಬೇಕು ಅನ್ನಿಸುತ್ತದೋ ಗೆರೆಯಲ್ಲಿ ಬರೆಯಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು, ಯಾರೂ ಮುದ್ರಿಸಿ ಕೊಡಬೇಕಿಲ್ಲ. ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ. ಇಂಕು ತಾಗಿದರೆ ಕಲೆ ಹೋಗುವುದಿಲ್ಲ.

ಆನ್‌ಲೈನಿನಲ್ಲಿ ಒಳ್ಳೆಯದು ಬೇಕಾದಷ್ಟಿದೆ, ದುಡ್ಡೂ ಇಲ್ಲ. ಇತಿಹಾಸ ಅಧ್ಯಯನದ ಹಳೇ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬಿಸಿಲಲ್ಲಿ ಕಾಣದ ಅಕ್ಷರ ಅದರಲ್ಲಿ ಎದ್ದು ಕಾಣುತ್ತದೆ. ಕೇಂದ್ರ ಸರ್ಕಾರದ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ಜಾಲತಾಣದಲ್ಲಿ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್‌ನಂಥ ಸಂಗ್ರಹಗಳ ಫೋಟೋ ಸಿಗುತ್ತವೆ. ಆದರೆ ಇವನ್ನೆಲ್ಲ ಹೋಗಿ ಬಂದ ಮೇಲೆ ತೋರಿಸಿ. ಮುಂಚೆ ತೋರಿಸಿದರೆ, ಅಲ್ಲಿ ನಿಂತಾಗ "ಇದನ್ನ ಫೋನಲ್ಲಿ ನೋಡಿದೀನಿ" ಅಂದುಬಿಡುತ್ತವೆ.

ಮೊದಲ ಸಲ ಕರೆದುಕೊಂಡು ಹೋಗುವವರಿಗೆ ನಾನು ಹೇಳುವ ಜಾಗ ಮ್ಯೂಸಿಯಮ್ಮೇ ಅಲ್ಲ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಕಲ್ಲು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು, ಊರಿಗಾಗಿ ಕಾದಾಡಿ ಸತ್ತವನ ಗುರುತು. 2018ರಲ್ಲಿ ಮತ್ತೆ ಬೆಳಕಿಗೆ ಬಂತು, ಊರವರೇ ಮುಂದೆ ನಿಂತು ಉಳಿಸಿಕೊಂಡರು. ಮನೆಯಲ್ಲಿ ಹೊಟ್ಟೆ ತುಂಬ ತಿನ್ನಿಸಿ, ಬಾತ್‌ರೂಮಿಗೆ ಕಳಿಸಿ, ಬಿಸಿಲೇರುವ ಮುಂಚೆ ಹೊರಡಿ. ಕಿತ್ತಯ್ಯನ ಕೈಯಲ್ಲಿ ಏನಿದೆ ಅಂತ ಮಗುವನ್ನು ಕೇಳಿ, ನೀವು ಸುಮ್ನೆ ಇರಿ.