ಕೆರಳುವ ಕರುಳಿಗೆ ಸಮ್ಮೋಹನದ ಮದ್ದು

ಸಕಲೇಶಪುರದ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ನೋಡುವವರು) ಆಗಿರುವ ನನ್ನ ಪರಿಚಿತರೊಬ್ಬರು ಹಾಸನಕ್ಕೆ ಹೊರಡುವ ದಿನ ಬೆಳಗಿನ ತಿಂಡಿಯನ್ನು ಮುಟ್ಟುವುದಿಲ್ಲ. ದಾರಿಯಲ್ಲಿ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಎಲ್ಲಿ ಶೌಚಾಲಯವಿದೆ ಎಂಬುದು ಅವರಿಗೆ ಬಾಯಿಪಾಠ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೊಸ್ಕೋಪಿ ಎಲ್ಲವೂ ಮುಗಿದು, ಯಾವುದರಲ್ಲೂ ದೋಷ ಕಾಣದೆ, ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತನ್ನಷ್ಟೇ ಕಟ್ಟಿಕೊಂಡು ಮನೆಗೆ ಬಂದವರು ಅವರು. ಊರವರ ಬಾಯಲ್ಲಿ ಇದು ‘ಗ್ಯಾಸ್ಟ್ರಿಕ್’; ವೈದ್ಯರ ಚೀಟಿಯಲ್ಲಿ ಐಬಿಎಸ್, ಅಂದರೆ ಕೆರಳುವ ಕರುಳಿನ ಬೇನೆ.

ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ ಎಂಬಷ್ಟರ ಮಟ್ಟಿಗೆ ‘ಏನೂ ಇಲ್ಲ’ ಎಂಬುದು ನಿಜ. ಆದರೆ ಕರುಳಿಗೂ ಮಿದುಳಿಗೂ ನಡುವಿನ ಮಾತುಕತೆ ಅಲ್ಲಿ ಹದಗೆಟ್ಟಿರುತ್ತದೆ. ಕರುಳಿನ ಗೋಡೆಯೊಳಗೇ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳಿದ್ದು, ಮಿದುಳಿನಿಂದ ಹೊಟ್ಟೆಗಿಳಿಯುವ ವೇಗಸ್ ನರವೂ ಬೆನ್ನುಹುರಿಯ ನರಗಳೂ ಎರಡೂ ದಿಕ್ಕಿಗೆ ಸುದ್ದಿ ಒಯ್ಯುತ್ತವೆ. ಗುದನಾಳದೊಳಗೆ ಪುಟ್ಟ ಬಲೂನನ್ನಿಟ್ಟು ಸ್ವಲ್ಪಸ್ವಲ್ಪವೇ ಗಾಳಿ ತುಂಬಿದಾಗ, ಉಳಿದವರಿಗೆ ಬರಿಯ ಒತ್ತಡವೆನಿಸುವ ಹಂತದಲ್ಲೇ ಐಬಿಎಸ್ ಇರುವ ಅನೇಕರಿಗೆ ನೋವು ಶುರುವಾಗುತ್ತದೆಂಬುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ರೈಟರ್ ಅವರ ಹೊಟ್ಟೆನೋವು ಕಲ್ಪನೆಯದ್ದಲ್ಲ. ಸಣ್ಣ ಸುದ್ದಿಯೂ ಅವರ ಮಿದುಳಿಗೆ ಕೂಗಿನಂತೆ ಕೇಳಿಸುತ್ತಿದೆ.

ಆ ಕೂಗನ್ನು ತಗ್ಗಿಸಲು ಸಮ್ಮೋಹನ ಚಿಕಿತ್ಸೆ ನೆರವಾಗಬಹುದೆಂದು ಮೊದಲು ಗಟ್ಟಿಯಾಗಿ ತೋರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೊರ್ವೆಲ್. (ಸಮ್ಮೋಹನಕ್ಕೆ ಹಿಪ್ನಾಟಿಸಂ ಎಂಬ ಪದವನ್ನು 1840ರ ದಶಕದಲ್ಲಿ ಬಳಕೆಗೆ ತಂದ ಜೇಮ್ಸ್ ಬ್ರೇಡ್ ಕೂಡ ಅದೇ ಊರಿನ ಶಸ್ತ್ರವೈದ್ಯ.) ಯಾವ ಔಷಧಿಗೂ ಬಗ್ಗದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಮ್ಮೋಹನವನ್ನೂ ಇನ್ನೊಂದಕ್ಕೆ ಆಪ್ತ ಮಾತುಕತೆಯ ಜೊತೆ ಹುಸಿ ಮಾತ್ರೆಯನ್ನೂ ಕೊಟ್ಟು ಅವರು ನಡೆಸಿದ ಪ್ರಯೋಗ 1984ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿನ ಸುಧಾರಣೆ ಎರಡನೆಯದಕ್ಕಿಂತ ಎಷ್ಟೋ ಮಿಗಿಲಾಗಿತ್ತು. ಅವರ ಚಿಕಿತ್ಸಾಲಯದ 1,000 ರೋಗಿಗಳ ಲೆಕ್ಕ 2015ರಲ್ಲಿ ಹೊರಬಂದಾಗ ಶೇ. 76 ಮಂದಿಗೆ ಗುಣ ಕಂಡಿತ್ತು. ಈ ಶೇ. 76ರ ಅಂಕಿಯನ್ನು ತುಸು ಎಚ್ಚರದಿಂದಲೇ ಓದಬೇಕು, ಏಕೆಂದರೆ ಅಲ್ಲಿ ಹೋಲಿಸಿ ನೋಡಲು ಬೇರೊಂದು ಗುಂಪಿರಲಿಲ್ಲ.

ಸಮ್ಮೋಹನ ಎಂದೊಡನೆ ನಮ್ಮವರಿಗೆ ನೆನಪಾಗುವುದು ಗೋಡೆಗೆ ಅಂಟಿಸಿದ ವಶೀಕರಣದ ಚೀಟಿಯೋ, ಶಾಲಾ ವಾರ್ಷಿಕೋತ್ಸವದ ಜಾದೂಗಾರನೋ. ಚಿಕಿತ್ಸೆಯಲ್ಲಿ ಅಂಥದ್ದೇನೂ ಇಲ್ಲ. ರೋಗಿ ನಿದ್ದೆ ಹೋಗುವುದಿಲ್ಲ, ಎಚ್ಚರವಿದ್ದೇ ಗಮನವನ್ನು ಒಂದೆಡೆ ನೆಲೆಗೊಳಿಸುತ್ತಾನೆ, ಬೇಡವೆನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ಉಸಿರು ನಿಧಾನಗೊಂಡು ಮೈ ಸಡಿಲವಾದ ಮೇಲೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಅದರ ಬಿಸುಪು ಒಳಗಿಳಿದು ನುಲಿತವನ್ನು ಸಡಿಲಿಸುತ್ತಿದೆ ಎಂದು ಭಾವಿಸಲು ಚಿಕಿತ್ಸಕರು ಹೇಳುತ್ತಾರೆ. ಆಮೇಲೆ ಕರುಳನ್ನು ಹೊಳೆಯೆಂದು ಕಲ್ಪಿಸಿಕೊಳ್ಳಬೇಕು. ಭೇದಿಯವರಿಗೆ ಆ ಹೊಳೆ ನಿಧಾನವಾಗಬೇಕು, ಮಲಬದ್ಧತೆಯವರಿಗೆ ಚುರುಕಾಗಬೇಕು. ನನ್ನ ದೃಷ್ಟಿಯಲ್ಲಿ ಇದು ಮಾತಿನಿಂದಲೇ ತಯಾರಾಗುವ ಮದ್ದು. ಹಾಗಾಗಿ ರೋಗಿ ಕನಸು ಕಾಣುವ ಭಾಷೆಯಲ್ಲೇ ಅದು ಸಿಗಬೇಕು. ಶ್ರಾವಣದಲ್ಲಿ ಕೆಂಪಾಗಿ ಮೊರೆಯುವ ಹೇಮಾವತಿ ಮಾಗಿಯ ಹೊತ್ತಿಗೆ ಬಂಡೆಗಳ ನಡುವೆ ಹೇಗೆ ತಣ್ಣಗೆ ಸರಿಯುತ್ತದೆಂದು ನಮ್ಮ ರೈಟರಿಗೆ ಯಾರೂ ವಿವರಿಸಬೇಕಿಲ್ಲ. ಮೂರು ತಿಂಗಳಲ್ಲಿ ಏಳರಿಂದ ಹನ್ನೆರಡು ಭೇಟಿ, ಜೊತೆಗೆ ಮನೆಯಲ್ಲಿ ನಿತ್ಯವೂ ಧ್ವನಿಮುದ್ರಿಕೆ ಕೇಳುತ್ತ ಅಭ್ಯಾಸ ಮಾಡುವುದು ವಾಡಿಕೆ.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ತಪಾಸಣೆಯಾಗಲೇಬೇಕು. ಸಮ್ಮೋಹನವನ್ನೂ ಅದರಲ್ಲಿ ತರಬೇತಾದ ವೈದ್ಯರಿಂದಲೋ ಮನಶ್ಶಾಸ್ತ್ರಜ್ಞರಿಂದಲೋ ಪಡೆಯಬೇಕು.

ಅಂಥವರು ನಮ್ಮ ಕಡೆ ವಿರಳ. ಅದಕ್ಕಾಗಿಯೇ 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗ ನನಗೆ ಮುಖ್ಯವೆನಿಸುತ್ತದೆ. ಅಲ್ಲಿ ಒಬ್ಬೊಬ್ಬರಿಗೇ ಚಿಕಿತ್ಸೆ ಕೊಟ್ಟಾಗ ಸುಮಾರು ಶೇ. 40, ಗುಂಪಿನಲ್ಲಿ ಕೊಟ್ಟಾಗ ಶೇ. 33, ಬರಿಯ ತಿಳಿವಳಿಕೆ ಮತ್ತು ಸಾಂತ್ವನ ನೀಡಿದಾಗ ಶೇ. 17 ಮಂದಿಗೆ ಮೂರು ತಿಂಗಳಲ್ಲಿ ತೃಪ್ತಿಕರ ಉಪಶಮನ ಸಿಕ್ಕಿತ್ತು. ಮ್ಯಾಂಚೆಸ್ಟರಿನ ಅಂಕಿಯಷ್ಟು ಬೆರಗಿನದಲ್ಲ, ಆದರೆ ಹೆಚ್ಚು ನಂಬಬಹುದಾದದ್ದು; ಗುಂಪಿನ ಚಿಕಿತ್ಸೆ ಒಂಟಿ ಚಿಕಿತ್ಸೆಗಿಂತ ಕಳಪೆಯಲ್ಲವೆಂದೂ ಸಂಶೋಧಕರು ತೀರ್ಮಾನಿಸಿದರು. ತರಬೇತಾದ ಒಬ್ಬರೇ ಇದ್ದರೂ ಹಾಸನದ ಒಂದು ಕೋಣೆಯಲ್ಲಿ ಐದಾರು ಮಂದಿ ಒಟ್ಟಿಗೆ ಕಣ್ಣು ಮುಚ್ಚಿ ಕೂರಬಹುದು. ಬೇಲೂರಿನವರು ಯಗಚಿಯನ್ನೂ, ಬಾಳೆಹೊನ್ನೂರಿನವರು ಭದ್ರೆಯನ್ನೂ ನೆನೆದುಕೊಳ್ಳಬಹುದು.