ಕರೆಂಟ್ ಬಂದ ಕೂಡಲೇ ಎಲ್ಲರೂ ಮೋಟಾರ್ ಹಾಕಿದರೆ

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದರೆ ಕೊಡಗಿನ ಸಿದ್ದಾಪುರದ ಕಡೆಯ ರೊಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ನೀರೇ ಗತಿ. ಹೋದ ಕರೆಂಟ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಮೋಟಾರ್‌ಗಳೆಲ್ಲ ಒಂದೇ ಏಟಿಗೆ ಎದ್ದೇಳುತ್ತವೆ. ಹೊರಡುವಾಗ ಮೋಟಾರ್ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಐದಾರು ಪಟ್ಟು ಹೆಚ್ಚು. ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹಾರುತ್ತದೆ, ಮತ್ತೆ ಕತ್ತಲೆ. ಪಕ್ಕದ ತೋಟದ ಅಣ್ಣ ನನ್ನ ಸ್ಟಾರ್ಟರ್‌ನ ಟೈಮರ್ ತಿರುಗಿಸುತ್ತಾ, "ನಿಂದು ಒಂದು ನಿಮಿಷಕ್ಕಿರಲಿ, ನಂದು ಮೂರಕ್ಕಿಡ್ತೀನಿ" ಎಂದಿದ್ದರು.

ವೆಬ್‌ಸೈಟ್‌ನ ಹಿನ್ನೆಲೆ ಕೆಲಸಗಳಿಗೂ ಬೇಕಾದದ್ದು ಇಂಥದೇ ಟೈಮರ್. ಹೋಂಸ್ಟೇ ಬುಕ್ ಮಾಡಿದವರಿಗೆ ಪರದೆಯಲ್ಲಿ ಉತ್ತರ ತಕ್ಷಣ ಸಿಗುತ್ತದೆ. ಎಸ್ಸೆಮ್ಮೆಸ್ ಕಳಿಸುವ ಕೆಲಸ ಸರದಿಯಲ್ಲಿ ನಿಂತು ಆಮೇಲೆ ನಡೆಯುತ್ತದೆ. ಅದು ಕೆಟ್ಟರೆ ಮತ್ತೆ ಯಾವಾಗ ಯತ್ನಿಸಬೇಕು?

ವೆಬ್‌ಸೈಟ್ ಕಟ್ಟಲು ನಾನು ಬಳಸುವ ರೈಲ್ಸ್ ಎಂಬ ತಂತ್ರಾಂಶದಲ್ಲಿ ಮರುಯತ್ನಿಸು ಎಂದಷ್ಟೇ ಬರೆದು ಬಿಟ್ಟರೆ, ಸುಮಾರು 3 ಸೆಕೆಂಡಿಗೊಮ್ಮೆ, ಒಟ್ಟು 5 ಯತ್ನ. ಕಾಲು ನಿಮಿಷದೊಳಗೆ ಎಲ್ಲ ಮುಗಿಯಿತು. ಮಡಿಕೇರಿಯ ಹೋಂಸ್ಟೇಯೊಂದಕ್ಕೆ ನಾನು ಮಾಡಿಕೊಟ್ಟ ತಾಣದಲ್ಲಿ ಹೀಗೇ ಇತ್ತು. ಜುಲೈನ ಒಂದು ಸಂಜೆ ಸಂದೇಶ ಸೇವೆ ಅರ್ಧ ಗಂಟೆ ನಿಂತಿತು. ದಾರಿಯ ವಿವರ ತಲುಪದೆ ಒಂದು ಕುಟುಂಬ ಪುಟ್ಟ ಮಗುವಿನೊಂದಿಗೆ ಜಡಿಮಳೆಯಲ್ಲಿ ಅಲೆಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಹಿನ್ನೆಲೆ ಕೆಲಸ ನಡೆಸಲು ರೈಲ್ಸ್ ಜತೆ ಬಹಳ ಮಂದಿ ಬಳಸುವ ಸೈಡ್‌ಕಿಕ್ ಎಂಬ ತಂತ್ರಾಂಶದ ಲೆಕ್ಕ ನನಗೆ ಹಿಡಿಸಿತು. ಹಿಂದೆ ಎಷ್ಟು ಮರುಯತ್ನ ಆಗಿದೆಯೋ ಆ ಸಂಖ್ಯೆಯ ನಾಲ್ಕನೇ ಘಾತಕ್ಕೆ 15 ಕೂಡಿಸಿ ಅಷ್ಟು ಸೆಕೆಂಡ್ ಕಾಯುತ್ತದೆ: 15, 16, 31, 96, 271. ಸಣ್ಣ ತೊಡಕು ಬೇಗ ದಾಟುತ್ತದೆ, ದೊಡ್ಡದಕ್ಕೆ ತಾಳ್ಮೆ ಇರುತ್ತದೆ. ಹೀಗೆ 25 ಮರುಯತ್ನಗಳಿಗೆ ಸುಮಾರು 20 ದಿನ. ಅತಿಥಿ ಊರಿಗೆ ಮರಳಿದ ಮೇಲೆ ದಾರಿ ತಿಳಿಸಿ ಏನು ಪ್ರಯೋಜನ? ನಾನು 10ಕ್ಕೆ ನಿಲ್ಲಿಸಿದೆ, ಅಂದರೆ ನಾಲ್ಕು ಗಂಟೆ ಚಿಲ್ಲರೆ.

ಇದರ ಮೇಲೆ ಚೀಟಿ ಎತ್ತಿದಂತೆ ಕೆಲವು ಸೆಕೆಂಡ್‌ಗಳೂ ಸೇರುತ್ತವೆ. ಇದಕ್ಕೆ ಜಿಟರ್ ಎನ್ನುತ್ತಾರೆ. ಒಟ್ಟಿಗೆ ಬಿದ್ದ ಸಾವಿರ ಕೆಲಸಗಳು ಒಟ್ಟಿಗೇ ಎದ್ದು, ಆಗಷ್ಟೇ ಚೇತರಿಸಿಕೊಂಡ ಸರ್ವರ್ ಅನ್ನು ಮತ್ತೆ ಕೆಡವಬಾರದಲ್ಲ. ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸಲು 1970ರ ದಶಕದಲ್ಲಿ ಹುಟ್ಟಿದ ಈಥರ್ನೆಟ್‌ನಲ್ಲೇ ಈ ಉಪಾಯ ಇತ್ತು. ಒಂದೇ ತಂತಿಯಲ್ಲಿ ಎರಡು ಯಂತ್ರಗಳ ಮಾತು ಡಿಕ್ಕಿಯಾದರೆ ಎರಡೂ ಬೇರೆಬೇರೆ ಹೊತ್ತು ಸುಮ್ಮನಿರುತ್ತಿದ್ದವು. ಮತ್ತೆ ಡಿಕ್ಕಿಯಾದರೆ ಕಾಯುವ ಮಿತಿ ದುಪ್ಪಟ್ಟಾಗುತ್ತಿತ್ತು. 16 ಸಲ ಸೋತರೆ ಕೈಬಿಡುತ್ತಿದ್ದವು.

ದುಡ್ಡಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಣ ಕಡಿತವಾಗಿ ಉತ್ತರವಷ್ಟೇ ದಾರಿಯಲ್ಲಿ ಕಳೆದಿದ್ದರೆ, ಮರುಯತ್ನದಿಂದ ಎರಡನೇ ಸಲ ಕಡಿತವಾದೀತು. ಪ್ರತಿ ಯತ್ನಕ್ಕೂ ಅದೇ ವ್ಯವಹಾರ ಸಂಖ್ಯೆ ಕಳಿಸಿದರೆ, ಅದನ್ನು ಗುರುತಿಸುವ ಪಾವತಿ ಸೇವೆ ಎರಡನೆಯದನ್ನು ತಡೆಯುತ್ತದೆ. ಇನ್ನು ಒಂಬತ್ತೇ ಅಂಕಿಯ ಮೊಬೈಲ್ ನಂಬರ್ ಎಷ್ಟು ಕಾದರೂ ಹತ್ತಾಗದು. ಅಂಥದ್ದನ್ನು ಈಗ ಮೊದಲ ಯತ್ನದಲ್ಲೇ ನಿಲ್ಲಿಸಿ ಹೋಂಸ್ಟೇಯ ಅಕ್ಕನಿಗೆ ತಿಳಿಸುತ್ತೇನೆ. ಅವರು ಇಮೇಲ್ ಬರೆದು ಸರಿಯಾದ ನಂಬರ್ ಕೇಳಿಕೊಳ್ಳುತ್ತಾರೆ.